ಸೀರೆ ಸೆರಗಿಗೆ ಕುಚ್ಚು ಕಟ್ಟುವುದು: ಎಳೆಯ ಲೆಕ್ಕದಿಂದ ಕತ್ತರಿಯ ತನಕ

ಮಗ್ಗದಿಂದ ಇಳಿಸಿದ ರೇಷ್ಮೆ ಸೀರೆಯ ಸೆರಗಿನ ತುದಿಯಲ್ಲಿ ನೇಯ್ಗೆ ಮುಗಿದ ಮೇಲೂ ಹಾಸಿನ (ಸೀರೆಯ ಉದ್ದಕ್ಕೆ ಹೋಗುವ) ಎಳೆಗಳು ನಾಲ್ಕೈದು ಇಂಚು ಹಾಗೇ ಇಳಿಬಿದ್ದಿರುತ್ತವೆ. ಅವನ್ನು ಬಿಗಿಯದೆ ಬಿಟ್ಟರೆ ಕೊನೆಯ ಹೊಕ್ಕಿನ (ಅಡ್ಡಕ್ಕೆ ನೇಯ್ದ) ನೂಲು ಮೊದಲು ಜಾರುತ್ತದೆ, ಆಮೇಲೆ ಅದರ ಪಕ್ಕದ್ದು. ನಾಲ್ಕು ಮದುವೆಗೆ ಉಟ್ಟು ಮಡಚಿಡುವಷ್ಟರಲ್ಲಿ ಜರಿಪಟ್ಟೆಯ ಅಂಚು ಬಿಚ್ಚಿಕೊಳ್ಳತೊಡಗುತ್ತದೆ. ಇದನ್ನು ತಡೆಯಲು ಎಳೆಗಳನ್ನು ಗೊಂಚಲು ಮಾಡಿ ಗಂಟು ಹಾಕುತ್ತಿದ್ದರು. ಕುಚ್ಚು ಹುಟ್ಟಿದ್ದು ಹೀಗೆ. ಅಂದ ಆಮೇಲೆ ಬಂತು, ಮಣಿ ಅದಕ್ಕೂ ಆಮೇಲೆ.

ಈ ಕ್ರಮ ತಲೆಯಲ್ಲಿದ್ದರೆ ಅರ್ಧ ಕೆಲಸ ಸಲೀಸು. ಕುಚ್ಚು ಸೆರಗನ್ನು ಹಿಡಿದಿಡಬೇಕೇ ಹೊರತು ಸೆರಗು ಕುಚ್ಚನ್ನು ಹೊತ್ತು ಸುಸ್ತಾಗಬಾರದು. ಇವತ್ತು ಯೂಟ್ಯೂಬಿನಲ್ಲಿ ಸಿಗುವ ಮಾದರಿಗಳು ನೂರಾರು. ಯಾವ ಮಣಿಯ ಪಕ್ಕ ಯಾವ ಮಣಿ ಎಂದು ಎಲ್ಲರೂ ತೋರಿಸುತ್ತಾರೆ, ಬಟ್ಟೆಯ ಕಡೆ ನೋಡುವವರು ಕಡಿಮೆ. ಹಾಗಾಗಿ ಇಲ್ಲಿ ಬಟ್ಟೆಯಿಂದಲೇ ಶುರು.

ಮೊದಲು ಸೆರಗಿನ ತುದಿ ನೋಡಿ

ಸೀರೆಯನ್ನು ಮೇಜಿನ ಮೇಲೆ ಹರಡಿ, ಸೆರಗಿನ ಕೊನೆಯ ಆರು ಇಂಚನ್ನು ಬೆಳಕಿಗೆ ಹಿಡಿಯಿರಿ. ಎಳೆಗಳು ಇಳಿಬಿದ್ದಿದ್ದರೆ ಹೊರಗಿನ ದಾರವೇ ಬೇಕಿಲ್ಲ, ಆ ಎಳೆಗಳಲ್ಲೇ ಕುಚ್ಚು ಕಟ್ಟಬಹುದು. ಅಂಗಡಿಯವರು ಅದನ್ನು ಕತ್ತರಿಸಿ ಮಷಿನ್ ಹೊಲಿಗೆ ಹಾಕಿಕೊಟ್ಟಿದ್ದರೆ ರೇಷ್ಮೆ ದಾರ ತಂದು ಹೊಸದಾಗಿ ಕಟ್ಟಬೇಕು. ಬರೀ ಪಿಕೋ ಅಥವಾ ಜಿಗ್‌ಜ್ಯಾಗ್ ಮಾಡಿಸಿದ್ದರೆ ಅದರ ಮೇಲೆ ಕುಚ್ಚು ಕಟ್ಟಲು ಹೋಗಬೇಡಿ. ಪಿಕೋ ಅಂಚಿನ ಎಳೆ ಹೊರಬರದಂತೆ ನೋಡಿಕೊಳ್ಳುತ್ತದೆ ಅಷ್ಟೆ, ತೂಕ ತಡೆಯುವುದಿಲ್ಲ. ಕಾಲು ಇಂಚು ಅಗಲಕ್ಕೆ ಎರಡು ಮಡಿಕೆ ಮಡಚಿ ಕೈಹೊಲಿಗೆಯಲ್ಲಿ ಹೆಮ್ಮಿಂಗ್ ಮಾಡಿಕೊಳ್ಳಿ. ಕುಚ್ಚಿನ ತೂಕವನ್ನು ಹೊರುವುದು ಈ ಮಡಿಕೆ.

ಬಟ್ಟೆಯ ಜಾತಿಯೂ ಮುಖ್ಯ. ಕಂಚಿ, ಧರ್ಮಾವರಂ ಸೀರೆಗಳ ಸೆರಗು ದಪ್ಪ, ಜರಿ ತುಂಬಿರುತ್ತದೆ, ಕೊಂಚ ಭಾರದ ಕುಚ್ಚನ್ನೂ ತಾಳುತ್ತದೆ. ಮೈಸೂರು ಸಿಲ್ಕಿನ ಕ್ರೇಪ್ ಬೇರೆ ಥರ. ಅದರ ಚಂದವೆಲ್ಲ ಮೈಗೆ ಅಂಟಿಕೊಂಡು ಜಾರುವ ನಡೆಯಲ್ಲಿದೆ. ಸೆರಗಿನ ತುದಿಗೆ ತೂಕದ ಮಣಿ ಬಿಗಿದರೆ ಆ ನಡೆ ಕೆಡುತ್ತದೆ, ಹೆಗಲಿನ ಪಿನ್ನು ಹಾಕಿದ ಕಡೆ ಬಟ್ಟೆ ಎಳೆದಂತಾಗುತ್ತದೆ. ಮೈಸೂರು ಸಿಲ್ಕಿಗೆ ಸಣ್ಣ ಸಾದಾ ಕುಚ್ಚೇ ಸರಿ ಎನ್ನುವುದು ನನ್ನ ಹಟ. ಗಿರಾಕಿಗಳು "ಅಕ್ಕಾ, ಸ್ವಲ್ಪ ಗ್ರ್ಯಾಂಡಾಗಿರಲಿ" ಎಂದರೂ ಇದೊಂದರಲ್ಲಿ ನಾನು ಜಗ್ಗುವುದಿಲ್ಲ. ಆರ್ಗಂಜಾ, ಜಾರ್ಜೆಟ್, ಟಿಶ್ಯೂ ಬಟ್ಟೆಗಳಿಗೆ ಸೂಜಿ ಹೊಕ್ಕ ತೂತು ದಿನಕಳೆದಂತೆ ದೊಡ್ಡದಾಗುತ್ತದೆ. ಇವಕ್ಕೆ ಮುಂದೆ ಹೇಳುವ ಕ್ರೋಶಾ ಅಂಚೇ ಕ್ಷೇಮ.

ಇಳಕಲ್ ಸೀರೆಯಲ್ಲಿ ಒಂದು ವಿಶೇಷವಿದೆ. ಅಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಜೋಡಿಸುತ್ತಾರೆ. ಮೈ ಹತ್ತಿಯದಾಗಿದ್ದರೂ ಸೆರಗಿನ ತುದಿಯ ಎಳೆ ರೇಷ್ಮೆಯದೋ ಆರ್ಟ್ ಸಿಲ್ಕಿನದೋ (ಕೃತಕ ರೇಷ್ಮೆ) ಆಗಿರಬಹುದು. ಸೀರೆಯ ಒಡಲು ಮುಟ್ಟಿ ನೋಡಿ ತುದಿಯ ದಾರವನ್ನು ಅಂದಾಜು ಮಾಡಬೇಡಿ.

ದಾರ ಯಾವುದು

ಅಂಗಡಿಯಲ್ಲಿ "ಸಿಲ್ಕ್ ಥ್ರೆಡ್" ಎಂದು ಕೇಳಿದರೆ ಕೊಡುವ ಹೊಳಪಿನ ರೀಲು ಬಹುಪಾಲು ರೇಷ್ಮೆಯಲ್ಲ, ವಿಸ್ಕೋಸ್ ರೇಯಾನ್. ಅದರಲ್ಲಿ ತಪ್ಪೇನಿಲ್ಲ. ಬಣ್ಣ ಸಾವಿರ ಸಿಗುತ್ತವೆ, ಹೊಳಪು ಚೆನ್ನಾಗಿದೆ, ಬೆಲೆ ಕಡಿಮೆ. ಆದರೆ ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಅದು ಗೊತ್ತಿರಬೇಕು. ನಿಜ ರೇಷ್ಮೆ ಬೇಕೆಂದರೆ ಕೇಳಿ ತರಿಸಿ, ಪರೀಕ್ಷಿಸಿ ಕೊಳ್ಳಿ.

ಪರೀಕ್ಷೆ ಸುಲಭ. ಎರಡಿಂಚು ದಾರವನ್ನು ಚಿಮಟದಲ್ಲಿ ಹಿಡಿದು ತಟ್ಟೆಯ ಮೇಲೆ ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಬೇಗ ಉರಿದುಹೋಗುತ್ತದೆ, ವಾಸನೆಯೂ ಕಾಗದದ್ದೇ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೂರನೆಯದು ಕುಚ್ಚಿಗೆ ಬೇಡ. ಬಾಳಿಕೆ ಬರುತ್ತದೆ ನಿಜ, ಆದರೆ ಇಳಿಬೀಳದೆ ಬಿಗಿದುಕೊಂಡು ನಿಲ್ಲುತ್ತದೆ.

ಇನ್ನೊಂದು ಪರೀಕ್ಷೆ ಬಣ್ಣದ್ದು. ದಾರವನ್ನು ಒದ್ದೆ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರವಿಟ್ಟು ಹತ್ತು ನಿಮಿಷ ಬಿಡಿ. ಕೆಂಪು, ಮೆರೂನ್, ಕಡು ಹಸಿರು, ನೀಲಿ ದಾರಗಳಲ್ಲಿ ಇದನ್ನು ತಪ್ಪಿಸಲೇಬಾರದು. ಕೆನೆಬಣ್ಣದ ಸೆರಗಿನ ಮೇಲೆ ಕೆಂಪು ಇಳಿದರೆ ಅದನ್ನು ತೆಗೆಯುವುದು ಯಾವ ಡ್ರೈಕ್ಲೀನರಿಗೂ ಕಷ್ಟ.

ಜರಿ ದಾರದಲ್ಲೂ ಮೂರು ಬಗೆ: ರೇಷ್ಮೆ ನೂಲಿಗೆ ಬೆಳ್ಳಿ ಸುತ್ತಿ ಚಿನ್ನದ ಲೇಪ ಕೊಟ್ಟ ಅಸಲಿ, ತಾಮ್ರದ್ದು, ಮತ್ತು ಪ್ಲಾಸ್ಟಿಕ್ ಪಟ್ಟಿಯದು. ಕುಚ್ಚಿನ ಕುತ್ತಿಗೆಗೆ, ಅಂದರೆ ಬಟ್ಟೆಯ ಅಂಚಿನ ಕೆಳಗೆ ಗೊಂಚಲನ್ನು ಬಿಗಿಯುವ ಜಾಗಕ್ಕೆ, ಸುತ್ತಲು ಸಾಮಾನ್ಯವಾಗಿ ಸಿಗುವುದು ಮೂರನೆಯದು. ಕಪ್ಪಾಗುವುದಿಲ್ಲ, ಆದರೆ ಇಸ್ತ್ರಿಪೆಟ್ಟಿಗೆ ತಾಗಿದರೆ ಸುರುಟುತ್ತದೆ.

ಬೆಂಗಳೂರಿನವರಾದರೆ ಚಿಕ್ಕಪೇಟೆ, ಮಾಮೂಲ್‌ಪೇಟೆ ಸುತ್ತಿದರೆ ದಾರ, ಮಣಿ, ಕುಚ್ಚಿಗೆ ಹಾಕುವ ಲೋಹದ ಕ್ಯಾಪು ಎಲ್ಲ ಸಗಟಿನಲ್ಲಿ ಸಿಗುತ್ತವೆ. ಫೋನಿನಲ್ಲಿ ಫೋಟೋ ತೋರಿಸಿ ಬಣ್ಣ ಆರಿಸಬೇಡಿ, ಸೀರೆಯನ್ನೇ ಒಯ್ಯಿರಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಸರಿ ಕಂಡ ನೇರಳೆ ಬಿಸಿಲಿಗೆ ಬಂದಾಗ ಬೇರೆಯೇ ಆಗಿರುತ್ತದೆ. ಬಾಗಿಲ ಹೊರಗೆ ಬಂದು ನೋಡಿ ದುಡ್ಡು ಕೊಡಿ.

ಎಷ್ಟು ದಾರ ಬೇಕು

ಇಲ್ಲಿ ಅಂದಾಜಿನ ಮೇಲೆ ಹೋದರೆ ನಲವತ್ತನೇ ಕುಚ್ಚಿನಲ್ಲಿ ದಾರ ಮುಗಿಯುತ್ತದೆ. ಮತ್ತೆ ತಂದ ರೀಲು ಬೇರೆ ಡೈ ಲಾಟಿನದಾದರೆ (ಬೇರೆ ಸಲ ಬಣ್ಣ ಹಾಕಿದ್ದಾದರೆ) ಛಾಯೆ ಕೂಡುವುದಿಲ್ಲ. ಲೆಕ್ಕ ಹೀಗೆ.

ಸೀರೆಯ ಅಗಲ ಸಾಮಾನ್ಯವಾಗಿ 45ರಿಂದ 48 ಇಂಚು. ನಿಮ್ಮದು 46 ಎಂದುಕೊಳ್ಳಿ. ಎರಡೂ ಬದಿಗೆ ಅರ್ಧರ್ಧ ಇಂಚು ಬಿಟ್ಟರೆ 45 ಇಂಚು ಉಳಿಯಿತು. ಇಂಚಿಗೊಂದರಂತೆ ಕಟ್ಟಿದರೆ 46 ಕುಚ್ಚು. 45 ಅಲ್ಲ, ಶುರುವಿನದನ್ನೂ ಎಣಿಸಬೇಕು. ಕುಚ್ಚು ಎರಡಿಂಚು ಇಳಿಬೀಳಬೇಕಾದರೆ ಒಂದೊಂದು ಎಳೆ ಐದು ಇಂಚು ಬೇಕು: ಮುಂದೆ ಎರಡು, ಹಿಂದೆ ಎರಡು, ಮಡಿಕೆಗೂ ಕತ್ತರಿಗೂ ಒಂದು. ಒಂದು ಕುಚ್ಚಿಗೆ 40 ಎಳೆ ಹಿಡಿದರೆ 200 ಇಂಚು, ಅಂದರೆ ಸುಮಾರು 5 ಮೀಟರ್. 46 ಕುಚ್ಚಿಗೆ ಸುಮಾರು 234 ಮೀಟರ್. ಸೂಜಿಗೆ ಪೋಣಿಸುವಾಗ ಹಾಳಾಗುವುದು, ಮುಂದೆ ರಿಪೇರಿಗೆ ಬೇಕಾಗುವುದು ಎಲ್ಲ ಸೇರಿಸಿ 300 ಮೀಟರ್ ತೆಗೆದುಕೊಳ್ಳಿ. ರೀಲಿನ ಚೀಟಿಯಲ್ಲಿ ಉದ್ದ ಬರೆದಿರುತ್ತದೆ, ಓದಿ. ಎರಡು ಬಣ್ಣ ಹಾಕುವುದಾದರೆ ಪಾಲು ಮಾಡಿಕೊಳ್ಳಿ.

40 ಎಳೆ ಅನ್ನುವುದು ಶಾಸನವಲ್ಲ. ಬಟ್ಟೆಯ ಮೂಲಕ ಹಾದು ಮಡಚಿಕೊಂಡಾಗ ಅದು 80 ತುದಿಯಾಗಿ ಇಳಿಬೀಳುತ್ತದೆ, ಮಧ್ಯಮ ಗಾತ್ರದ ಕುಚ್ಚಾಗುತ್ತದೆ. ಮೈಸೂರು ಸಿಲ್ಕಿಗೆ 25 ಸಾಕು, ಆಗ ಮುಕ್ಕಾಲು ಇಂಚಿಗೊಂದರಂತೆ ಹತ್ತಿರ ಹತ್ತಿರ ಕಟ್ಟಿ. ದಪ್ಪ ಕುಚ್ಚು ದೂರ ದೂರ ಇದ್ದರೆ ಸೆರಗಿನ ಅಂಚು ಅಲೆಅಲೆಯಾಗಿ ಜೋಲುತ್ತದೆ. ಒಟ್ಟು ತೂಕ ಅಷ್ಟೇ ಇದ್ದರೂ ಸಣ್ಣ ಕುಚ್ಚುಗಳಲ್ಲಿ ಹಂಚಿಹೋದಾಗ ಬಟ್ಟೆಗೆ ನೋವಾಗುವುದಿಲ್ಲ.

ಗುರುತು ಹಾಕುವುದು

ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಹೋದರೆ ಕೊನೆಯಲ್ಲಿ ಮುಕ್ಕಾಲೋ ಒಂದೂಕಾಲೋ ಇಂಚು ಉಳಿದು ಪೇಚಾಟ. ಸೆರಗನ್ನು ಅಗಲಕ್ಕೆ ಸರಿಯಾಗಿ ಅರ್ಧ ಮಡಚಿ ನಡುಗುರುತು ಹಾಕಿ, ಅಲ್ಲಿಂದ ಎರಡೂ ಕಡೆಗೆ ಅಳೆಯುತ್ತಾ ಹೋಗಿ. ಉಳಿಕೆ ಇದ್ದರೆ ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ. ಒಂದು ಮಾತು ನೆನಪಿಡಿ: ನಡುವಿನಲ್ಲಿ ಕುಚ್ಚು ಬಂದರೆ ಒಟ್ಟು ಸಂಖ್ಯೆ ಬೆಸ, ನಡುವಿನಲ್ಲಿ ಖಾಲಿ ಬಂದರೆ ಸಮ. ಎರಡು ಬಣ್ಣ ಒಂದು ಬಿಟ್ಟು ಒಂದು ಹಾಕುವಾಗ ಬೆಸ ಸಂಖ್ಯೆ ಇಟ್ಟುಕೊಂಡರೆ ಎರಡು ತುದಿಯಲ್ಲೂ ಒಂದೇ ಬಣ್ಣ ಬರುತ್ತದೆ. 46 ಇಂಚಿನ ಸೀರೆಗೆ ಆಗ 45 ಕುಚ್ಚು ಹಾಕಿ, ಬದಿಗೆ ಒಂದೊಂದು ಇಂಚು ಬಿಡಿ.

ಗುರುತಿಗೆ ಪೆನ್ನು, ಪೆನ್ಸಿಲ್ ಬೇಡ. ಗುಂಡುಪಿನ್ನು ಚುಚ್ಚಿ, ಅಥವಾ ಬೇರೆ ಬಣ್ಣದ ಹತ್ತಿ ದಾರದಿಂದ ಉದ್ದುದ್ದ ಟಾಕು ಹಾಕಿಕೊಳ್ಳಿ. ಅಂಚಿನಿಂದ ಕಾಲು ಇಂಚು ಒಳಗೆ, ಹೆಮ್ಮಿಂಗ್ ಮಡಿಕೆಯ ಹೊಲಿಗೆಗಿಂತ ಕೂದಲೆಳೆ ಮೇಲೆ ಸೂಜಿ ಇಳಿಯಬೇಕು. ಮಡಿಕೆಯೊಳಗೇ ಇಳಿದರೂ ಪರವಾಗಿಲ್ಲ, ಅಂಚಿಗೆ ತೀರಾ ಹತ್ತಿರ ಮಾತ್ರ ಬೇಡ.

ಗೊಂಚಲು ಮಾಡಿ ಪೋಣಿಸುವುದು

ಸ್ಟೂಲನ್ನು ಮಗುಚಿ ಅದರ ಎರಡು ಕಾಲಿಗೆ ದಾರ ಸುತ್ತಿ. ಕಾಲುಗಳ ನಡುವೆ 15 ಇಂಚು ಇದ್ದರೆ ಒಂದು ಸುತ್ತು 30 ಇಂಚು. 40 ಸುತ್ತು ಸುತ್ತಿ ಒಂದು ಕಡೆ ಕತ್ತರಿಸಿದರೆ 40 ಎಳೆಯ 30 ಇಂಚುದ್ದದ ಗೊಂಚಲು ಕೈಗೆ ಬಂತು. ಐದೈದು ಇಂಚಿನಂತೆ ಆರು ಕುಚ್ಚು. ಇಂಥ ಎಂಟು ಗೊಂಚಲು ಮಾಡಿದರೆ ಒಂದು ಸೀರೆಗೆ ಸಾಕು. ಸುತ್ತುವಾಗ ದಾರ ಎಳೆಯಬೇಡಿ. ಎಳೆದು ಸುತ್ತಿದ ರೇಯಾನ್ ಕತ್ತರಿಸಿದ ಕೂಡಲೇ ಕುಗ್ಗಿ ಗುಂಗುರಾಗುತ್ತದೆ.

ಗೊಂಚಲಿನ ಒಂದು ತುದಿಗೆ ತೆಳು ಮೈದಾ ಗಂಜಿ ಸವರಿ, ಬೆರಳಲ್ಲಿ ಹೊಸೆದು ಚೂಪು ಮಾಡಿ ಒಣಗಿಸಿ. ಆಗ ದಪ್ಪ ಕಣ್ಣಿನ ಉಣ್ಣೆ ಸೂಜಿಗೆ ಸಲೀಸಾಗಿ ಹೋಗುತ್ತದೆ. ಉಣ್ಣೆ ಸೂಜಿಯ ಮೊನೆ ಮೊಂಡು. ಅದು ನೇಯ್ಗೆಯ ಎಳೆಗಳನ್ನು ಸರಿಸಿಕೊಂಡು ನುಸುಳುತ್ತದೆ, ಕತ್ತರಿಸುವುದಿಲ್ಲ. ಜರಿಯ ಸೆರಗು ತೀರಾ ಬಿಗಿಯಾಗಿದ್ದರೆ ಮೊದಲು ಸಣ್ಣ ಚೂಪು ಸೂಜಿಯಿಂದ ದಾರಿ ಮಾಡಿಕೊಂಡು ಆಮೇಲೆ ಇದನ್ನು ತೂರಿಸಿ. ಎಷ್ಟೇ ಆತುರವಿದ್ದರೂ ಗೋಣಿ ಹೊಲಿಯುವ ದಬ್ಬಣದ ಕಡೆ ಕೈ ಹೋಗದಿರಲಿ.

ಸೀರೆಯ ಹಿಂಬದಿಯಿಂದ ಮುಂದಕ್ಕೆ ಸೂಜಿ ತನ್ನಿ. ಹಿಂದೆ ಎರಡೂವರೆ ಇಂಚು ಉಳಿಯುವಷ್ಟು ಎಳೆದು, ಮುಂದೆಯೂ ಎರಡೂವರೆ ಇಂಚು ಅಳೆದು ಕತ್ತರಿಸಿ. ಮತ್ತೆ ಮುಂದಿನ ಗುರುತಿಗೆ. ಆರು ಕುಚ್ಚಿನ ದಾರ ಮುಗಿದ ಮೇಲೆ ಹೊಸ ಗೊಂಚಲು. ಮೊದಲು ಎಲ್ಲವನ್ನೂ ಪೋಣಿಸಿ ಆಮೇಲೆ ಕಟ್ಟಲು ಕೂತರೆ ದಾರ ಜಾರಿ ಬೀಳುತ್ತದೆ. ಆರು ಪೋಣಿಸಿ, ಆರು ಕಟ್ಟಿ.

ಕುತ್ತಿಗೆ

ಕುಚ್ಚು ಬಿಚ್ಚಿಹೋಗುವುದು ಯಾವಾಗಲೂ ಇಲ್ಲಿಂದಲೇ, ಆದ್ದರಿಂದ ನಿಧಾನವಾಗಿ ಹೋಗೋಣ. ಜರಿ ದಾರಕ್ಕೆ ಬಿಗಿತ ತಡೆಯುವ ಶಕ್ತಿಯಿಲ್ಲ. ಜೋರಾಗಿ ಎಳೆದರೆ ಮೇಲಿನ ಪಟ್ಟಿ ಸುಲಿದು ಒಳಗಿನ ನೂಲು ಕಾಣುತ್ತದೆ. ಹಾಗಾಗಿ ಕಟ್ಟುವುದು ಎರಡು ಹಂತದಲ್ಲಿ. ಮೊದಲು ಕುಚ್ಚಿನದೇ ಬಣ್ಣದ ಗಟ್ಟಿ ಹೊಲಿಗೆ ದಾರದಿಂದ, ಬಟ್ಟೆಯ ಅಂಚಿಗೆ ತಾಗಿದಂತೆ, ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು. ಇದು ಹಿಡಿತಕ್ಕೆ. ಇದರ ಮೇಲೆ ಜರಿ, ಅದು ಅಂದಕ್ಕೆ.

ಜರಿ ಸುತ್ತುವುದು ಹೀಗೆ. ಹತ್ತಿಂಚು ಜರಿ ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಕುತ್ತಿಗೆಯ ಮೇಲ್ಗಡೆ ಒಂದಿಂಚು ಹೊರಚಾಚಿ ಬಿಟ್ಟು, ದಾರವನ್ನು ಕುಚ್ಚಿನ ಮೇಲೆ ಅರ್ಧ ಇಂಚು ಕೆಳಕ್ಕೆ ತಂದು, ಮತ್ತೆ ಮೇಲಕ್ಕೆ ಮಡಚಿ. ಕೆಳಗಡೆ ಪುಟ್ಟ ಕುಣಿಕೆ ಆಯಿತು. ಎಡಗೈ ಹೆಬ್ಬೆರಳಲ್ಲಿ ಆ ಕುಣಿಕೆಯನ್ನು ಕುಚ್ಚಿನ ಮೇಲೇ ಒತ್ತಿಹಿಡಿಯಿರಿ. ಈಗ ಉದ್ದ ತುದಿಯನ್ನು ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು ಬರುವಂತೆ, ಎಂಟು ಸುತ್ತು ಸುತ್ತಿ. ಒಂದರ ಮೇಲೊಂದು ಹತ್ತಬಾರದು. ಕೊನೆಗೆ ಕುಣಿಕೆಯ ಕಣ್ಣು ಮಾತ್ರ ಹೊರಗೆ ಕಾಣುತ್ತಿರುತ್ತದೆ. ಉದ್ದ ತುದಿಯನ್ನು ಅದರೊಳಗೆ ತೂರಿಸಿ. ಮೇಲೆ ಚಾಚಿದ್ದ ಗಿಡ್ಡ ತುದಿಯನ್ನು ಮೆಲ್ಲಗೆ ಎಳೆಯಿರಿ. ಕುಣಿಕೆ ಉದ್ದ ತುದಿಯನ್ನು ಕಚ್ಚಿಕೊಂಡು ಸುತ್ತುಗಳ ಅಡಿಗೆ ಹೋಗುತ್ತದೆ. ನಡುವಿಗೆ ಬಂದಂತೆ ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿ ನಿಲ್ಲಿಸಿ. ಪೂರ್ತಿ ಎಳೆದರೆ ಕುಣಿಕೆ ಮೇಲಿನಿಂದ ಹೊರಬಂದು ಎಲ್ಲ ಬಿಚ್ಚುತ್ತದೆ. ಎರಡೂ ತುದಿಗಳನ್ನು ಸುತ್ತಿನ ಮಟ್ಟಕ್ಕೆ ಕತ್ತರಿಸಿ. ಗಂಟು ಎಲ್ಲೂ ಕಾಣುವುದಿಲ್ಲ.

ಇದರ ಬದಲು ಒಂದು ತೊಟ್ಟು ಫ್ಯಾಬ್ರಿಕ್ ಗಮ್ ಹಚ್ಚಿ ಮುಗಿಸುವವರಿದ್ದಾರೆ. ಬೇಗ ಆಗುತ್ತದೆ. ಆದರೆ ಗಮ್ ರೇಷ್ಮೆಗೆ ತಾಗಿದರೆ ಕಲೆ ಉಳಿಯುತ್ತದೆ, ಒಣಗಿದ ಮೇಲೆ ಕುತ್ತಿಗೆ ಕಡ್ಡಿಯಂತೆ ಸೆಟೆಯುತ್ತದೆ. ಪ್ರತಿ ಸಲ ಮಡಚುವಾಗಲೂ ಬಟ್ಟೆ ಅಲ್ಲೇ ಮುರಿಯುತ್ತದೆ. ಗಮ್ಮಿಲ್ಲದೆ ನಿಲ್ಲದ ಕುತ್ತಿಗೆ ಗಮ್ ಹಚ್ಚಿದರೂ ಬಹಳ ದಿನ ನಿಲ್ಲುವುದಿಲ್ಲ.

ಸೀರೆಯ ಎಳೆಯಲ್ಲೇ ಹೊಸೆಯುವುದು

ಎಳೆ ಇಳಿಬಿದ್ದ ಸೀರೆ ಸಿಕ್ಕರೆ ನಿಮ್ಮ ಅದೃಷ್ಟ. ಬೇರೆ ದಾರ ತರುವ ಖರ್ಚಿಲ್ಲ, ಬಣ್ಣ ಹೊಂದಿಸುವ ತಲೆನೋವಿಲ್ಲ, ಬಟ್ಟೆಗೆ ಒಂದೂ ತೂತಿಲ್ಲ. ಅರ್ಧ ಇಂಚು ಅಗಲದ ಎಳೆಗಳನ್ನು ಒಂದು ಗುಂಪು ಮಾಡಿ, ಪಕ್ಕದ ಅರ್ಧ ಇಂಚು ಇನ್ನೊಂದು ಗುಂಪು. ಎರಡನ್ನೂ ಬೇರೆಬೇರೆಯಾಗಿ ಬಲಕ್ಕೆ ಹೊಸೆಯಿರಿ, ಸುರುಳಿಗಟ್ಟುವ ತನಕ. ಆಮೇಲೆ ಎರಡನ್ನೂ ಜೋಡಿಸಿ ಎಡಕ್ಕೆ ಬಿಡಿ. ಒಂದರ ಬಿಚ್ಚುವ ಒತ್ತಡವನ್ನು ಇನ್ನೊಂದು ತಡೆಯುತ್ತದೆ, ಹಗ್ಗ ಹೊಸೆಯುವ ಸೂತ್ರವೇ ಇದು. ತುದಿಯಲ್ಲಿ ಒಂದು ಗಂಟು, ಗಂಟಿನ ಕೆಳಗೆ ಮುಕ್ಕಾಲು ಇಂಚು ಬಿಡಿ ಎಳೆ. ಕೆಲಸ ಶುರುಮಾಡುವ ಮುನ್ನ ಕೊನೆಯ ಹೊಕ್ಕಿನ ಎಳೆ ಜಾರಿದ್ದರೆ ಸೂಜಿಮೊನೆಯಿಂದ ಮೇಲಕ್ಕೆ ತಳ್ಳಿ ಸಮ ಮಾಡಿಕೊಳ್ಳಿ. ಒಂದು ಗುಂಪು ಹೊಸೆಯುವಾಗ ಉಳಿದ ಎಳೆಗಳ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡರೆ ಸಿಕ್ಕಾಗುವುದಿಲ್ಲ.

ಹಳೆಯ ಸೀರೆಗಳಲ್ಲಿ ಕಾಣುವ ಕುಚ್ಚು ಹೆಚ್ಚಾಗಿ ಇಂಥದೇ. ನನಗೆ ಇವತ್ತಿಗೂ ಇದಕ್ಕಿಂತ ಚಂದದ ಕುಚ್ಚು ಕಂಡಿಲ್ಲ. ಅಂಗಡಿಗಳಲ್ಲಿ ಎಳೆ ಕತ್ತರಿಸಿಬಿಡುವ ಮೊದಲೇ "ಹಾಗೇ ಬಿಡಿ" ಎಂದು ಹೇಳಿಬಿಡಿ.

ಬಲೆ ಕುಚ್ಚು, ಮಣಿ ಕುಚ್ಚು, ಕ್ರೋಶಾ

ಬಲೆ ಕುಚ್ಚಿಗೆ ಸಾದಾ ಕುಚ್ಚಿನ ಹಾಗೇ ಪೋಣಿಸಿ, ಕುತ್ತಿಗೆ ಕಟ್ಟಿ, ಆಮೇಲೆ ಪ್ರತಿ ಕುಚ್ಚನ್ನೂ ಎರಡು ಪಾಲು ಮಾಡಿ. ಒಂದರ ಬಲ ಪಾಲನ್ನು ಮುಂದಿನದರ ಎಡ ಪಾಲಿಗೆ ಸೇರಿಸಿ ಮುಕ್ಕಾಲು ಇಂಚು ಕೆಳಗೆ ಗಂಟು ಹಾಕಿ. ಎರಡನೇ ಸಾಲಿನಲ್ಲಿ ಮತ್ತೆ ಹಾಗೇ. ವಜ್ರಾಕಾರದ ಕಿಂಡಿಗಳು ಮೂಡುತ್ತವೆ. ಗಂಟುಗಳು ಒಂದೇ ಮಟ್ಟದಲ್ಲಿರಲು ಅಡಿಗೆ ಗೆರೆ ಎಳೆದ ರಟ್ಟು ಇಟ್ಟುಕೊಳ್ಳಿ. ಗಂಟು ಎಷ್ಟು ದಾರ ನುಂಗುತ್ತದೆ ಎಂಬುದು ಎಳೆಯ ದಪ್ಪದ ಮೇಲಿದೆ, ಆದ್ದರಿಂದ ಹಳೇ ಬಟ್ಟೆಯ ಮೇಲೆ ನಾಲ್ಕು ಕುಚ್ಚು ಮಾದರಿ ಕಟ್ಟಿ, ಉದ್ದ ನೋಡಿ, ಆಮೇಲೆ ಸೀರೆಯ ದಾರ ಕತ್ತರಿಸಿ.

ಮಣಿಯ ವಿಷಯದಲ್ಲಿ ಮೂರು ಪರೀಕ್ಷೆ. ತೂತಿನ ಬಾಯಿಗೆ ದಾರವನ್ನು ಹಿಂದೆ ಮುಂದೆ ಉಜ್ಜಿ ನೋಡಿ, ನಾರು ಏಳುತ್ತಿದ್ದರೆ ಆ ಮಣಿ ದಾರವನ್ನು ಕುಯ್ಯುತ್ತದೆ. ಲೋಹದ ಬುಟ್ಟಿಯಂಥ ಕ್ಯಾಪಿನ ಅಂಚು ಕೈಗೆ ಚುಚ್ಚಿದರೆ ಸೆರಗಿನ ಎಳೆಯನ್ನೂ ಅದು ಖಂಡಿತ ಕೀಳುತ್ತದೆ. ಮೂರನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಸೀರೆಗೆ ಬೇಕಾದಷ್ಟು ಮಣಿ ಒಟ್ಟಿಗೆ ಇಟ್ಟು ನೋಡಿ. ಒಂದು ಗ್ರಾಮಿನ ಗಾಜಿನ ಮಣಿ ಕುಚ್ಚಿಗೆ ಎರಡರಂತೆ ಹಾಕಿದರೆ 92 ಗ್ರಾಮು ಸೆರಗಿನ ಒಂದೇ ಅಂಚಿಗೆ ಬಿತ್ತು. ಕಂಚಿ ಸೀರೆ ತಡೆದೀತು, ಕ್ರೇಪ್ ತಡೆಯದು. ಮದುವೆ ಸೀರೆಗೆ ಮಣಿ ಬೇಕೇ ಬೇಕೆಂದರೆ ಪ್ಲಾಸ್ಟಿಕ್ ಮುತ್ತು ಹಗುರ, ಆದರೆ ಇಸ್ತ್ರಿಯ ಬಿಸಿಯಿಂದ ದೂರವಿಡಬೇಕು.

ಕ್ರೋಶಾ ಕುಚ್ಚಿನಲ್ಲಿ ಮೊದಲು ಸೆರಗಿನ ಅಂಚಿಗೆ ತೆಳು ದಾರದಲ್ಲಿ ಚೈನಿನ ಕಮಾನುಗಳನ್ನು ಹೆಣೆದು, ಕುಚ್ಚನ್ನು ಆ ಕಮಾನುಗಳಿಗೆ ಕಟ್ಟುತ್ತಾರೆ. ಬಟ್ಟೆಯೊಳಗೆ ಹೋಗುವುದು ಒಂದೆರಡು ತೆಳು ಎಳೆ ಮಾತ್ರ, 40 ಎಳೆಯ ಗೊಂಚಲಲ್ಲ. ಆರ್ಗಂಜಾ, ಜಾರ್ಜೆಟಿಗೆ ಇದನ್ನೇ ಮಾಡಿ ಎಂದದ್ದು ಈ ಕಾರಣಕ್ಕೆ. 1 ಮಿಲಿಮೀಟರಿನ ಅಥವಾ ಅದಕ್ಕೂ ಸಣ್ಣ ಉಕ್ಕಿನ ಕೊಕ್ಕೆ ಬೇಕು. ಕಮಾನುಗಳು ಬಿಗಿಯಾದರೆ ಅಂಚು ಸುಕ್ಕುತ್ತದೆ, ಸಡಿಲವಾದರೆ ಜೋಲುತ್ತದೆ. ಒಂದು ಗೇಣು ಹೆಣೆದ ಮೇಲೆ ಸೆರಗನ್ನು ಎತ್ತಿಹಿಡಿದು ನೋಡಿ. ತಪ್ಪಿದ್ದರೆ ಆಗಲೇ ಬಿಚ್ಚಿ.

ಹಬೆ, ಬಾಚಣಿಗೆ, ಕತ್ತರಿ

ಎಲ್ಲ ಕಟ್ಟಿದ ಮೇಲೆ ಕುಚ್ಚುಗಳು ಕೆದರಿಕೊಂಡಿರುತ್ತವೆ. ಹಬೆ ಬಿಡುವ ಇಸ್ತ್ರಿಪೆಟ್ಟಿಗೆಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಹಬೆ ಮಾತ್ರ ತಾಗಿಸಿ, ಅಥವಾ ಕುದಿಯುವ ಪಾತ್ರೆಯ ಆವಿಯ ಮೇಲೆ ದೂರದಿಂದ ಆಡಿಸಿ. ನೀರಿನ ಹನಿ ಸೆರಗಿಗೆ ಬೀಳದಂತೆ ಮಧ್ಯೆ ಬಟ್ಟೆ ಹಿಡಿಯಿರಿ. ಸಣ್ಣ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾ ಬಾಚಿ. ಕತ್ತರಿಸುವುದು ಇದಾದ ಮೇಲೆ. ಮೊದಲೇ ಕತ್ತರಿಸಿದರೆ ಹಬೆಯಲ್ಲಿ ಸುರುಳಿ ಬಿಚ್ಚಿಕೊಂಡ ಎಳೆಗಳು ಉದ್ದ ಗಿಡ್ಡ ಆಗುತ್ತವೆ.

ಕತ್ತರಿಸಲು ಎರಡಿಂಚು ಅಗಲದ ಕಾಗದದ ಪಟ್ಟಿ ಮಾಡಿ. ಪಟ್ಟಿಯ ಮೇಲಂಚು ಕುತ್ತಿಗೆಯ ಮೇಲ್ತುದಿಗೆ, ಬಟ್ಟೆಯ ಅಂಚಿಗೆ ತಾಗುವಂತೆ ಕುಚ್ಚಿಗೆ ಬಿಗಿಯಾಗಿ ಸುತ್ತಿ, ಕೆಳಗೆ ಇಣುಕುವ ಎಳೆಗಳನ್ನು ಒಂದೇ ಏಟಿಗೆ ಕತ್ತರಿಸಿ. ಒಂದೇ ಪಟ್ಟಿಯಲ್ಲಿ ಎಲ್ಲವನ್ನೂ ಕತ್ತರಿಸಿದರೆ ಉದ್ದ ತಾನಾಗಿಯೇ ಒಂದೇ ಆಗುತ್ತದೆ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ತಾಗಿಸಬೇಡಿ, ಮೊಂಡಾಗುತ್ತದೆ.

ಸೀರೆಯಾಚೆ

ಕುತ್ತಿಗೆ ಕಟ್ಟುವುದು ಬಂದರೆ ಉಳಿದದ್ದೆಲ್ಲ ಅದರದೇ ಬಂಧುಬಳಗ. ದಿಂಬಿನ ಮೂಲೆಯ ಕುಚ್ಚಿಗೆ ನಾಲ್ಕಿಂಚು ರಟ್ಟಿಗೆ ದಾರ ಸುತ್ತಿ, ಮೇಲೆ ಗಟ್ಟಿ ದಾರ ತೂರಿಸಿ ಗಂಟು ಹಾಕಿ, ಕೆಳಗೆ ಕತ್ತರಿಸಿ, ಕುತ್ತಿಗೆ ಕಟ್ಟಿ. ಅದನ್ನು ಕವರು ಹೊಲಿದ ಮೇಲೆ ಅಂಟಿಸಬೇಡಿ. ಹೊಲಿಯುವ ಮುನ್ನವೇ ದಾರದ ಬಾಲವನ್ನು ಮೂಲೆಯ ಎರಡು ಪದರದ ನಡುವೆ, ಕುಚ್ಚು ಒಳಮುಖವಾಗಿರುವಂತೆ ಇಟ್ಟು ಹೊಲಿಗೆ ಹಾಕಿ ತಿರುವಿ. ಪರದೆ ಕಟ್ಟುವ ದೊಡ್ಡ ಗೊಂಡೆಗೆ ತಲೆ ದುಂಡಗಿರಬೇಕಾದರೆ ಒಳಗೆ ಮರದ ಮಣಿ ಇಟ್ಟು ಸುತ್ತಲೂ ದಾರ ಹೊದಿಸಬೇಕು. ಯುರೋಪಿನ ಅರಮನೆಗಳ ಪರದೆ ಗೊಂಡೆಗಳ ಒಳಗಿರುವುದೂ ಕಡೆದ ಮರದ ಅಚ್ಚೇ. ಪ್ಯಾರಿಸ್ಸಿನಲ್ಲಿ ಈ ಕಸುಬಿನವರದು 16ನೇ ಶತಮಾನದಲ್ಲೇ ಪ್ರತ್ಯೇಕ ಸಂಘವಿತ್ತು.

ಎತ್ತಿನ ಹಣೆಗೆ ಕಟ್ಟುವ ಉಣ್ಣೆ ಗೊಂಡೆಗೆ ಕುತ್ತಿಗೆಯಿಲ್ಲ, ನಡು ಇದೆ. ನಾಲ್ಕು ಬೆರಳಿಗೆ ಉಣ್ಣೆ ನೂರು ಸುತ್ತು ಸುತ್ತಿ, ಬೆರಳ ಸಂದಿಯಲ್ಲಿ ದಾರ ಹಾಯಿಸಿ ನಡುವನ್ನು ಬಲವಾಗಿ ಬಿಗಿದು, ಎರಡೂ ಬದಿಯ ಕುಣಿಕೆಗಳನ್ನು ಕತ್ತರಿಸಿ, ಉರುಟಾಗುವಂತೆ ಸವರಿ. ಬ್ಲೌಸಿನ ಡೋರಿಗೆ ಜೋತುಬಿಡುವ ಪುಟ್ಟ ಚೆಂಡಿಗೆ ಎರಡು ಬೆರಳು ಸಾಕು. ಹತ್ತಿ ಹಾಸಿಗೆಯ ಮೇಲೆ ಅಲ್ಲಲ್ಲಿ ಕಾಣುವ ದಾರದ ಪುಟ್ಟ ಕುಚ್ಚುಗಳೂ ಬರೀ ಶೋಕಿಯಲ್ಲ. ಆ ದಾರ ಹಾಸಿಗೆಯ ಮೇಲಿನಿಂದ ಕೆಳತನಕ ಹಾದು ಹತ್ತಿ ಒಂದು ಕಡೆ ಜಾರಿ ಗುಡ್ಡೆಯಾಗದಂತೆ ಹಿಡಿದಿರುತ್ತದೆ. ದಾರ ನೇರವಾಗಿ ಬಟ್ಟೆಯ ಮೇಲೆ ಕೂತರೆ ಅದನ್ನು ಕೊರೆದು ಒಳಗಿಳಿದುಬಿಡುತ್ತದೆ, ಅದಕ್ಕೇ ನಡುವೆ ಕುಚ್ಚು.

ಒಗೆತ, ಮಡಿಕೆ, ಮತ್ತು ದುಡ್ಡಿನ ಮಾತು

ಕುಚ್ಚಿರುವ ರೇಷ್ಮೆ ಸೀರೆಯನ್ನು ಡ್ರೈಕ್ಲೀನಿಗೆ ಕೊಡುವಾಗ ಕುಚ್ಚುಗಳನ್ನು ಐದಾರರಂತೆ ಸೇರಿಸಿ ಸಡಿಲವಾಗಿ ಹತ್ತಿ ದಾರದಿಂದ ಕಟ್ಟಿ, ಮೇಲೆ ಮಲ್ ಬಟ್ಟೆ ಸುತ್ತಿ ಟಾಕು ಹಾಕಿ ಕೊಡಿ, ಮಣಿಯಿದ್ದರೆ ಬಾಯಿಬಿಟ್ಟು ಹೇಳಿ. ಬೀರುವಿನಲ್ಲಿಡುವಾಗ ಕುಚ್ಚು ಮಡಿಕೆಯ ಒಳಕ್ಕೆ ಬರಬೇಕು, ಮಧ್ಯೆ ಒಂದು ಮೆತ್ತನೆ ಬಟ್ಟೆ ಇರಬೇಕು. ಲೋಹದ ಕ್ಯಾಪು ರೇಷ್ಮೆಗೆ ತಾಗಿಕೊಂಡು ತಿಂಗಳುಗಟ್ಟಲೆ ಇದ್ದರೆ ಅಲ್ಲಿ ಗುರುತು ಬೀಳುತ್ತದೆ. ಪ್ಲಾಸ್ಟಿಕ್ ಕವರು ಬೇಡವೇ ಬೇಡ.

ಬೇರೆಯವರ ಸೀರೆಗೆ ಕಟ್ಟಿಕೊಡುವವರು ಸೀರೆ ಕೈಗೆ ಬಂದ ಕೂಡಲೇ ಸೆರಗನ್ನು ಅವರೆದುರೇ ಬಿಡಿಸಿ ನೋಡಿ. ಕಲೆ, ಎಳೆ ಕಿತ್ತದ್ದು, ಪಿನ್ನಿನ ತೂತು ಏನೇ ಇದ್ದರೂ ಅವರಿಗೆ ತೋರಿಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಮಾತು ಬೆಳೆಯುವುದಿಲ್ಲ. ದರ ಊರಿಗೂರಿಗೆ ಬೇರೆ: ಸಾದಾ ಕುಚ್ಚಿಗೆ ಕೆಲವು ನೂರು ರೂಪಾಯಿ, ಮದುವೆ ಸೀರೆಯ ಮಣಿ ಕುಚ್ಚಿಗೆ ಸಾವಿರ ದಾಟುತ್ತದೆ. ಆದರೆ ಹೆಚ್ಚಿನವರು ದಾರ ಮಣಿಯ ಖರ್ಚಿನ ಮೇಲೆ ಇಷ್ಟು ಎಂದು ಕಟ್ಟಿಬಿಡುತ್ತಾರೆ, ತಮ್ಮ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೈ ಪಳಗಿದವರಿಗೂ ಒಂದು ಸಾದಾ ಕುಚ್ಚು ಪೋಣಿಸಿ ಎರಡು ಹಂತದಲ್ಲಿ ಕಟ್ಟಲು ಮೂರು ನಿಮಿಷ ಬೇಕು. 46ಕ್ಕೆ ಎರಡೂಕಾಲು ಗಂಟೆ ದಾಟಿತು. ಗುರುತು, ಗೊಂಚಲು, ಹಬೆ, ಕತ್ತರಿ ಸೇರಿದರೆ ನಾಲ್ಕು ಗಂಟೆಯ ಕೆಲಸ. ಬಲೆ ಕುಚ್ಚಾದರೆ ಇದರ ಇಮ್ಮಡಿ. ಟೈಲರ್ ಅಂಗಡಿಯ ಮೂಲಕ ಬಂದ ಸೀರೆಯಲ್ಲಿ ಅಂಗಡಿಯ ಪಾಲೂ ಹೋಗುತ್ತದೆ. ಗಂಟೆಗೆ ನಿಮಗೆ ಎಷ್ಟು ಗಿಟ್ಟಬೇಕು ಎಂದು ಮೊದಲು ನಿರ್ಧರಿಸಿ, ಅದರ ಮೇಲೆ ಸಾಮಾನಿನ ಖರ್ಚು ಸೇರಿಸಿ ದರ ಹೇಳಿ. ಚೌಕಾಸಿ ಶುರುವಾದರೆ ದರ ಇಳಿಸುವ ಬದಲು ಕೆಲಸ ಇಳಿಸಿ: ಎರಡು ಸಾಲಿನ ಬಲೆಯ ಬದಲು ಒಂದು ಸಾಲು, ಮಣಿಯ ಬದಲು ಸಾದಾ.

ಸೀರೆ ವಾಪಸ್ ಕೊಡುವಾಗ ಉಳಿದ ದಾರವನ್ನು ಒಂದು ಚೀಟಿಗೆ ಸುತ್ತಿ, ರೀಲಿನ ಛಾಯೆ ನಂಬರು ಬರೆದು ಸೆರಗಿನ ಮಡಿಕೆಯಲ್ಲಿಟ್ಟು ಕೊಡಿ. ಎರಡು ವರ್ಷದ ಮೇಲೆ ಒಂದು ಕುಚ್ಚು ಕಿತ್ತುಬಂದಾಗ ಅದೇ ಬಣ್ಣ ಹುಡುಕಿಕೊಂಡು ಪೇಟೆ ಅಲೆಯುವುದು ಅವರಿಗೂ ತಪ್ಪುತ್ತದೆ, ನಿಮಗೂ ತಪ್ಪುತ್ತದೆ.